ಕೇಳದೆ ತೆಗೆಯಬೇಡ

೨ ಜೂನ್ ೨೦೨೫, ಸೋಮವಾರ

ಐವತ್ತೊಂದನೆಯ ವಯಸ್ಸಿಗೆ ಹೊಸ ನೌಕರಿ. ಶಾಲೆ ಮುಚ್ಚಿತು, ಇನ್ನು ಸುಜಾತಾ ಅಕ್ಕೋರು ಮನೆಯಲ್ಲಿ ಕೂತು ಹಪ್ಪಳ ಒಣಗಿಸುತ್ತಾರೆ ಎಂದುಕೊಂಡವರೆಲ್ಲ ಬಾಯಿ ಮುಚ್ಚಿಕೊಳ್ಳಲಿ ಎಂದು ಈ ದಿನಚರಿ ಶುರು ಮಾಡಿದ್ದೇನೆ. ಅವರು ಯಾರೂ ಇದನ್ನು ಓದುವುದಿಲ್ಲ ಎನ್ನುವುದು ಬೇರೆ ಮಾತು.

ಆಫೀಸು ಗೋಕುಲ ರಸ್ತೆಯಲ್ಲಿದೆ, ನೀರಿನ ಪಂಪು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಟ್ಟು ಏಳು ಜನ, ನಾನು ಎಂಟನೆಯವಳು. ಮಾಲಕ ರಾಜಶೇಖರನಿಗೆ ಮೂವತ್ಮೂರು ವರ್ಷ. ಅರಳೆ ವ್ಯಾಪಾರದ ಮನೆತನ, ಇವನು ಮಾತ್ರ ಸಾಫ್ಟ್‌ವೇರ್ ಹಿಡಿದಿದ್ದಾನೆ. ಮಾತಿಗೊಮ್ಮೆ ‘ಲಗೂ ಲಗೂ’ ಎನ್ನುತ್ತಾನೆ.

“ಮೇಡಂ, ಕಂಪ್ಯೂಟರ್ ನಾವು ನೋಡ್ಕೋತೇವ್ರಿ, ಕನ್ನಡ ನೀವು ನೋಡ್ಕೋರಿ. ಮೂರು ತಿಂಗಳು ನೋಡೂಣು” ಎಂದ.

ಮೂರು ತಿಂಗಳು ನನ್ನನ್ನು ನೋಡುತ್ತಾನಂತೆ! ಇಪ್ಪತ್ನಾಲ್ಕು ವರ್ಷ ಕನ್ನಡ ಕಲಿಸಿದ್ದೇನೆ. ನೋಡಲಿ. ಬ್ಯಾಗಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಹೋಗಿದ್ದೆ.

೫ ಜೂನ್, ಗುರುವಾರ

ಮೊದಲ ದಿನ ಎಲ್ಲರೂ ‘ಏಜೆಂಟ್, ಏಜೆಂಟ್’ ಎನ್ನುತ್ತಿದ್ದಾಗ ನನ್ನ ಕಣ್ಣಮುಂದೆ ಬಂದವನು ವಿಮೆ ಮಾಡಿಸಲು ಶಾಲೆಗೆ ಬರುತ್ತಿದ್ದ ಬೆವರುಮೋರೆಯ ಮನುಷ್ಯ. ಹಾಗೆಂದರೇನು ಎಂದು ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ. ಮೂರು ದಿನ ಗಂಭೀರವಾಗಿ ತಲೆ ಅಲ್ಲಾಡಿಸುತ್ತ, ಅವರಿವರ ಮಾತಿಗೆ ಕಿವಿಗೊಟ್ಟು ತಿಳಿದುಕೊಂಡೆ.

ಏಜೆಂಟ್ ಎಂದರೆ ಮನುಷ್ಯನಲ್ಲ, ಎಐ. ಬಾಯಿಮಾತಿನಲ್ಲಿ ಹೇಳಿದ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ನಮ್ಮ ಕಂಪನಿ ಅದಕ್ಕೊಂದು ಸಲಕರಣೆ ಮಾಡಿದೆ. ಹೆಸರು ‘ಬಳಗ’. ಒಂದು ಸಂಸ್ಥೆಯ ಜನರನ್ನು ಗುಂಪು ಗುಂಪಾಗಿ ಇಡುವುದು ಬಳಗದ ಕೆಲಸ. ಯಾರು ಯಾವ ಗುಂಪಿನಲ್ಲಿದ್ದಾರೋ ಅವರಿಗೆ ಆ ಗುಂಪಿನ ಸಂದೇಶ, ಆ ಗುಂಪಿನ ಕೆಲಸ. ಆದರೆ ಏಜೆಂಟ್‌ಗೆ ಬಳಗದ ಗುರುತು ಪರಿಚಯ ಇರುವುದಿಲ್ಲವಲ್ಲ. ಸೇರಿಸುವುದು ಹೇಗೆ, ತೆಗೆಯುವುದು ಹೇಗೆ, ಯಾವಾಗ ಏನು ಮಾಡಬೇಕು ಎಂದು ಯಾರಾದರೂ ಬರೆದು ಕೊಡಬೇಕು. ಅದನ್ನು ಓದಿ, ಓದಿದ ಹಾಗೆ ಮಾಡುತ್ತದೆ. ಆ ಬರೆಯುವವಳು ನಾನು.

ಇಷ್ಟು ವರ್ಷದಲ್ಲಿ ನನ್ನ ನೋಟ್ಸನ್ನು ಮೊದಲಿಂದ ಕೊನೆಯವರೆಗೆ ಓದಿದ ಒಬ್ಬ ವಿದ್ಯಾರ್ಥಿಯೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮೊದಲ ಗಿರಾಕಿ ನಮ್ಮ ಬೈರಿದೇವರಕೊಪ್ಪದ ರೊಟ್ಟಿ ಕೇಂದ್ರವೇ. ನೂರಾ ಹನ್ನೆರಡು ಹೆಂಗಸರು ಅಲ್ಲಿ ಪಾಳಿಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಾರೆ. ನನಗೆ ಅಲ್ಲಿನ ರೊಟ್ಟಿಯ ಪರಿಚಯ ಬಹಳ ಹಳೆಯದು. ನಾನು ಬಡಿದ ರೊಟ್ಟಿ ಹರಿಯುತ್ತದೆ, ಹುಟ್ಟಿದಾಗಿನಿಂದ ಹರಿಯುತ್ತಲೇ ಬಂದಿದೆ. ಅದಕ್ಕೇ ಅಲ್ಲಿಂದ ತರಿಸಿ, ಮನೆಯ ಬುಟ್ಟಿಯಲ್ಲಿ ಹಾಕಿ, ಬಂದವರಿಗೆ ನಾನೇ ಮಾಡಿದ್ದೆಂದು ಬಡಿಸುತ್ತೇನೆ. ಮಗಳು ಸ್ನೇಹಲ್‌ಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

೧೭ ಜೂನ್, ಮಂಗಳವಾರ

ಬಳಗವನ್ನು ಕಟ್ಟಿದವಳು ತಸ್ಲೀಮಾ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಬೆರಳು ಕೀಲಿಮಣೆಯ ಮೇಲೆ ಓಡುವುದನ್ನು ನೋಡಬೇಕು. ಕೆಲಸ ಚೊಕ್ಕ, ಕನ್ನಡ ಮಾತ್ರ ದೇವರಿಗೇ ಪ್ರೀತಿ. ತಾನು ಬರೆದಿಟ್ಟಿದ್ದ ಕಚ್ಚಾ ಪ್ರತಿಯನ್ನು ಇವತ್ತು ತಂದುಕೊಟ್ಟಳು.

“ಅಕ್ಕೋರ, ನನಗ ತಿಳದಂಗ ಬರದೇನ್ರಿ. ತಪ್ಪಿದ್ರ ತಿದ್ದ್ರಿ.”

ತಿದ್ದಿದೆ. ಹಾಳೆ ಕುಂಕುಮ ಚೆಲ್ಲಿದಂತೆ ಆಯಿತು. ಒಂದು ಕಡೆ ನೋಡಿ ನಗು ಬಂತು. ಅವಳು ಬರೆದದ್ದು ಇದು: ‘ತೆಗೆ. ಇದು ಗುಂಪಿನಿಂದ ಸದಸ್ಯರನ್ನು ತೆಗಿಯೋದು. ತೆಗಿಯೋ ಮೊದಲು ಕೇಳಬೇಕು. ಕೇಳದೆ ತೆಗೆಯಬೇಡ. ಗುಂಪಿನ ಮುಖ್ಯಸ್ಥರು ಹೂಂ ಅಂದ ಮೇಲೇನೇ ತೆಗಿಬೇಕು. ಕೇಳದೆ ತೆಗೆಯಬೇಡ.’

ಒಂದೇ ಮಾತು ಮೂರು ಸಲ! ನಾನು ಅಡ್ಡಗೆರೆ ಎಳೆದು ಹೀಗೆ ಬರೆದೆ: ‘ತೆಗೆ. ಸದಸ್ಯರನ್ನು ಗುಂಪಿನಿಂದ ತೆಗೆಯಲು ಬಳಸಿ. ಬಹುಕಾಲ ಚಟುವಟಿಕೆಯಿಲ್ಲದ ಸದಸ್ಯರನ್ನು ತೆಗೆದು ಪಟ್ಟಿಯನ್ನು ಸ್ವಚ್ಛವಾಗಿಡುವುದು ಉತ್ತಮ.’

ಓದಲು ಎಷ್ಟು ಹಿತವಾಗಿದೆ. ತಸ್ಲೀಮಾ ಸ್ವಲ್ಪ ಹೊತ್ತು ನೋಡಿ, “ಆ ಕೇಳೂ ಮಾತು ಇರಲೇನ್ರಿ ಅಕ್ಕೋರ?” ಎಂದಳು.

“ಅದು ಹೇಳದನ ತಿಳೀತದ, ತಂಗಿ. ಕೇಳದ ಯಾರನ್ನ ಯಾರು ಹೊರಗ ಹಾಕ್ತಾರ?” ಎಂದೆ.

“ಹೌದ್ರಿ, ನಿಮಗ ಗೊತ್ತಿರತೈತಿ” ಎಂದು ಹಾಳೆ ತೆಗೆದುಕೊಂಡು ಹೋದಳು. ವಿನಯವಂತೆ. ಹೇಳಿದ್ದನ್ನು ಬೇಗ ಒಪ್ಪುತ್ತಾಳೆ.

೩೦ ಜೂನ್, ಸೋಮವಾರ

ಮುಗಿಯಿತು. ಮೂವತ್ತೆಂಟು ಪುಟ, ಒಂದು ಕಾಗುಣಿತವೂ ತಪ್ಪಿಲ್ಲ. ರಾಜಶೇಖರ ಎಲ್ಲರನ್ನೂ ಕೂಡಿಸಿ ಒಂದು ಪುಟ ಗಟ್ಟಿಯಾಗಿ ಓದಿದ. “ಕೇಳ್ರಿ, ಕನ್ನಡ ಅಂದ್ರ ಹಿಂಗಿರಬೇಕು” ಎಂದ. ಚಹಾದ ಜೊತೆ ಗಿರ್ಮಿಟ್ ತರಿಸಿದ. ನಾನು ನಕ್ಕಿದ್ದು ಸ್ವಲ್ಪವೇ. ಒಳಗೆ ಕುಣಿದದ್ದು ಬಹಳ.

ಬಸ್ಸಿನಲ್ಲಿ ಅಪ್ಪನ ನೆನಪಾಯಿತು. ನಾನು ಕಲಿಸಿದ ಶಾಲೆಯಲ್ಲೇ ಅಪ್ಪ ಗೋವಿಂದಪ್ಪ ಜವಾನನಾಗಿದ್ದ, ಗಂಟೆ ಹೊಡೆಯುತ್ತಿದ್ದ. ನಾನು ಅದೇ ಶಾಲೆಗೆ ಟೀಚರಾಗಿ ಹೋದ ಮೊದಲ ದಿನ ಬಾಗಿಲ ಹತ್ತಿರ ನಿಲ್ಲಿಸಿ ಹೇಳಿದ್ದ: “ನಮ್ಮಂಥವರ ತಪ್ಪು ಜನ ಮೊದಲ ನೋಡ್ತಾರವ್ವಾ. ಬೋರ್ಡಿನ ಮ್ಯಾಲೆ ಒಂದು ಅಕ್ಷರಾನೂ ತಪ್ಪಬ್ಯಾಡ.” ತಪ್ಪಲಿಲ್ಲ. ಇಪ್ಪತ್ನಾಲ್ಕು ವರ್ಷ ಒಂದು ಅಕ್ಷರವೂ ತಪ್ಪಲಿಲ್ಲ. ಅಪ್ಪ ಇದ್ದಿದ್ದರೆ ಆ ಮೂವತ್ತೆಂಟು ಪುಟ ಅವನ ಕೈಗೆ ಕೊಡುತ್ತಿದ್ದೆ.

೧೧ ಜುಲೈ, ಶುಕ್ರವಾರ

ರೊಟ್ಟಿ ಕೇಂದ್ರದಲ್ಲಿ ಬಳಗ ಶುರುವಾಗಿದೆ. ಈ ವರ್ಷದ ಹಳೆಯ ಹಾಜರಿ ಲೆಕ್ಕವನ್ನೂ ಅದರೊಳಗೆ ಹಾಕಿದ್ದಾರೆ. ಕೇಂದ್ರವನ್ನು ನಡೆಸುವ ಶರಣವ್ವ ಅರವತ್ತು ದಾಟಿದ ಹೆಂಗಸು, ಓದು ಬರಹ ಬಾರದು. ಫೋನಿಗೆ ಬಾಯಿ ಹಚ್ಚಿ ಏಜೆಂಟ್‌ಗೆ ‘ತಮ್ಮಾ’ ಎಂದು ಕರೆದು ಮಾತಾಡುತ್ತಾಳಂತೆ. “ತಮ್ಮಾ, ಮುಂಜಾನಿ ಪಾಳಿಗೆ ಇಬ್ಬರನ್ನ ಹಾಕು” ಎಂದರೆ ತಮ್ಮ ಹಾಕುತ್ತಾನೆ. ತಮ್ಮನಿಗೆ ಪಾಠ ಹೇಳಿದ ಅಕ್ಕೋರು ಯಾರು ಎಂದು ಅವಳಿಗೆ ಗೊತ್ತಿಲ್ಲ. ಒಂದು ದಿನ ಹೋಗಿ ಹೇಳಬೇಕು.

೨೧ ಜುಲೈ, ಸೋಮವಾರ

ಅನರ್ಥವಾಗಿದೆ.

ನಾಗರ ಪಂಚಮಿಗೆ ಎರಡು ದಿನ ಮೊದಲು ರೊಟ್ಟಿ ಹಬ್ಬ, ಕೇಂದ್ರಕ್ಕೆ ವರ್ಷದಲ್ಲೇ ದೊಡ್ಡ ಕೆಲಸ. ಶನಿವಾರ ಶರಣವ್ವ ಫೋನಿನಲ್ಲಿ, “ತಮ್ಮಾ, ಹಬ್ಬ ಬಂತು, ಗುಂಪೆಲ್ಲಾ ಸರಿ ಮಾಡಿಡು” ಎಂದಿದ್ದಾಳೆ. ತಮ್ಮ ಸರಿ ಮಾಡಿದೆ. ಮೂರು ತಿಂಗಳಿಗಿಂತ ಹೆಚ್ಚು ಕೆಲಸಕ್ಕೆ ಬಾರದ ಹದಿನೇಳು ಹೆಂಗಸರ ಹೆಸರು ತೆಗೆದುಹಾಕಿದೆ. ಭಾನುವಾರ ಮುಂಜಾನೆ ಹಬ್ಬದ ಕೆಲಸದ ಸಂದೇಶ ಎಲ್ಲರಿಗೂ ಹೋಯಿತು, ಈ ಹದಿನೇಳು ಜನಕ್ಕೆ ಹೋಗಲಿಲ್ಲ. ಬದಲಿಗೆ ‘ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ’ ಎಂದು ಹೋಯಿತು.

ಅವರಲ್ಲಿ ಒಂಬತ್ತು ಜನ ಹೆರಿಗೆಗೆಂದು ತವರಿಗೆ ಹೋದವರು. ಸೌಮ್ಯಾ ಎನ್ನುವವಳು ಹಬ್ಬದ ಕೆಲಸಕ್ಕೆಂದೇ ಮುಗದ ಗ್ರಾಮದ ತವರಿನಿಂದ ಕೂಸನ್ನು ಕಟ್ಟಿಕೊಂಡು ಬಂದಿದ್ದಳಂತೆ. ಬಸ್ಸಿನಲ್ಲಿ ಸಂದೇಶ ನೋಡಿ ಕೇಂದ್ರದ ಬಾಗಿಲಲ್ಲಿ ನಿಂತು ಅತ್ತಳಂತೆ. ಶರಣವ್ವ ನಮ್ಮ ಆಫೀಸಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳು. ಸ್ಪೀಕರಿನಲ್ಲಿ ಎಲ್ಲರೂ ಕೇಳಿದೆವು.

ತಸ್ಲೀಮಾ ಮಧ್ಯಾಹ್ನದೊಳಗೆ ಹದಿನೇಳೂ ಹೆಸರನ್ನು ವಾಪಸು ಹಾಕಿದಳು. ಹೆಸರು ಹಾಕಬಹುದು, ಆ ಸಂದೇಶವನ್ನು ವಾಪಸು ತರುವುದು ಹೇಗೆ? ರಾಜಶೇಖರ ಎಲ್ಲರ ಎದುರಿಗೇ ಅವಳ ಮೇಲೆ ಹಾರಾಡಿದ. “ಏನ್ ಕೋಡ್ ಬರದಿ ನೀ? ಕಣ್ಣು ಮುಚ್ಕೊಂಡು ಬರದಿ ಏನು?” ಅವಳು ಒಂದು ಮಾತೂ ಆಡಲಿಲ್ಲ. ಪಾಪ, ಎಷ್ಟೇ ಜಾಣೆಯಾದರೂ ಎಚ್ಚರಿಕೆ ಸಾಲದು.

೨೨ ಜುಲೈ, ಮಂಗಳವಾರ

ಕೇಂದ್ರಕ್ಕೆ ಕ್ಷಮಾಪಣೆ ಪತ್ರ ಬರೆಯುವ ಕೆಲಸ ನನಗೆ ಬಂತು. “ಛಂದಂಗೆ ಬರೀರಿ ಮೇಡಂ, ತಾಂತ್ರಿಕ ದೋಷ ಅಂತ ಹಾಕ್ರಿ” ಎಂದು ರಾಜಶೇಖರ ಹದಿನೇಳು ಹೆಸರಿನ ಹಾಳೆ ಕೊಟ್ಟ. ಏಜೆಂಟ್ ತಾನು ಮಾಡುವ ಪ್ರತಿ ಕೆಲಸಕ್ಕೂ ಒಂದು ಕಾರಣ ಬರೆದಿಡುತ್ತದೆ. ಹೆಸರಿನ ಮುಂದೆ ಕಾರಣವೂ ಇತ್ತು.

‘ಬಹುಕಾಲ ಚಟುವಟಿಕೆಯಿಲ್ಲದ ಸದಸ್ಯರನ್ನು ತೆಗೆದು ಪಟ್ಟಿಯನ್ನು ಸ್ವಚ್ಛವಾಗಿಡುವುದು ಉತ್ತಮ.’

ಹದಿನೇಳು ಹೆಸರು, ಹದಿನೇಳು ಸಲ ಅದೇ ವಾಕ್ಯ. ನನ್ನ ಅಕ್ಷರದಲ್ಲಿಲ್ಲ ಎನ್ನುವುದೊಂದೇ ಬಾಕಿ.

ಹಾಳೆಯನ್ನು ಮಗುಚಿ ಇಟ್ಟೆ. ಆಮೇಲೆ ಪತ್ರ ಬರೆದೆ. ‘ತಾಂತ್ರಿಕ ದೋಷದಿಂದ’ ಎಂದೇ ಬರೆದೆ. ಆಗಸ್ಟ್ ಒಂದರಿಂದ ತಸ್ಲೀಮಾಳನ್ನು ಬಳಗದ ಕೆಲಸದಿಂದ ಬಿಡಿಸುತ್ತಾರಂತೆ.

ಪತ್ರ ಚೆನ್ನಾಗಿ ಬಂದಿದೆ.

೨೩ ಜುಲೈ, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಬದನೆಕಾಯಿ ಪಲ್ಯ ಹೊತ್ತಿತು. ಸ್ನೇಹಲ್ “ಏನಾತವ್ವಾ?” ಎಂದಳು. ಏನೂ ಇಲ್ಲ ಎಂದೆ. “ನೀ ಯಾರ್ಗೂ ಏನೂ ಹೇಳಂಗಿಲ್ಲ, ಯಾರ್ನೂ ಏನೂ ಕೇಳಂಗಿಲ್ಲ” ಎಂದು ತಟ್ಟೆ ಎತ್ತಿಕೊಂಡು ಹೋದಳು. ಅವಳಿಗೆ ನಾಲಿಗೆ ಉದ್ದವಾಗಿದೆ.

೨೪ ಜುಲೈ, ಗುರುವಾರ

ಮನೆ ಹತ್ತಿರವೇ ಇದೆ ಎಂದು ಪತ್ರ ಮುಟ್ಟಿಸುವ ಕೆಲಸವೂ ನನಗೇ ಬಂತು.

ಇಷ್ಟು ವರ್ಷ ರೊಟ್ಟಿ ತರಿಸಿ ತಿಂದವಳು ಕೇಂದ್ರದ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಉದ್ದನೆಯ ಪಡಸಾಲೆ, ಸಾಲಾಗಿ ಒಲೆ, ಸಾಲಾಗಿ ಹೆಂಗಸರು. ಮೂವತ್ತು ಕೈ ಒಟ್ಟಿಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಾತು ಕೇಳಿಸುವುದಿಲ್ಲ. ಬಲಗಡೆಯ ಗೋಡೆಗೆ ಸಾಲು ಮೊಳೆ. ಕೆಲವು ಮೊಳೆಗೆ ರೊಟ್ಟಿ ಬಡಿಯುವ ಮಣೆ ನೇತುಹಾಕಿದ್ದರು, ಮುಖ ಗೋಡೆಯ ಕಡೆ ಮಾಡಿ. ಎಣ್ಣೆ ಒರೆಸಿ ಇಟ್ಟದ್ದು, ಹಿಂಬದಿಗೆ ಬಣ್ಣದಲ್ಲಿ ಹೆಸರು.

ಇವೇಕೆ ಹೀಗೆ ಎಂದು ಕೇಳಿದೆ.

“ಅವು ಈಗ ಬರದಾಕಿಗಳ ಮಣಿರೀ” ಎಂದಳು ಶರಣವ್ವ. “ಹಡೀಲಿಕ್ಕೆ ತವರಿಗೆ ಹೋದಾಕಿ, ಕಾಲು ಮುರಕೊಂಡಾಕಿ, ಅತ್ತಿ ಹಾಸಿಗಿ ಹಿಡದಾಳಂತ ಮನ್ಯಾಗ ಉಳದಾಕಿ. ಹೋಗೂ ಮುಂದ ಅಕೀನ ಎಣ್ಣಿ ಒರಸಿ ತಿರುವಿ ಹಾಕಿ ಹೋಗ್ತಾಳ. ಆ ಮಣಿ ಮತ್ತೊಬ್ಬಾಕಿ ಮುಟ್ಟಂಗಿಲ್ಲ. ನಾ ಇನ್ನ ಬರಂಗಿಲ್ಲ ಅಂತ ಅಕೀನ ಬಾಯಿಬಿಟ್ಟು ಹೇಳೂ ತನಕ ಇಳಸಂಗಿಲ್ಲ.”

ಎಣಿಸಿದೆ. ಹದಿನಾರು ಇದ್ದವು. ಹದಿನೇಳನೆಯದನ್ನು ಸೌಮ್ಯಾ ಇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು. ನಾನು ಕಂಪನಿಯವಳು ಎಂದು ಗೊತ್ತಾದ ಮೇಲೆ ಕೈ ನಿಲ್ಲಿಸದೆ ಹೇಳಿದಳು: “ನಾ ಹಡೀಲಿಕ್ಕೆ ಹೋಗಿದ್ದೆನ್ರಿ, ಸಂಬಂಧ ಹರಕೊಂಡು ಹೋಗಿದ್ದಿಲ್ಲ.”

ಶರಣವ್ವ ಪತ್ರ ಓದಿ ಹೇಳಿರಿ ಎಂದಳು. ಒಲೆಯ ಹತ್ತಿರವೇ ನಿಂತು ಓದಿದೆ. ನನ್ನ ದನಿ ಚೆನ್ನಾಗಿದೆ, ಕೈಗಳು ಒಂದೊಂದಾಗಿ ನಿಂತು ಪಡಸಾಲೆ ಸುಮ್ಮನಾಯಿತು. ‘ತಾಂತ್ರಿಕ ದೋಷದಿಂದ’ ಎಂದು ಓದುತ್ತಿದ್ದಂತೆ ಶರಣವ್ವ ತಡೆದಳು.

“ಹಂಗಂದ್ರ ಯಾರ ತಪ್ಪು ಅಕ್ಕೋರ?”

ಅವಳು ಸಿಟ್ಟಿನಿಂದ ಕೇಳಲಿಲ್ಲ. ತಿಳಿಯಲಿಲ್ಲ, ಕೇಳಿದಳು, ಅಷ್ಟೇ. ಸುತ್ತ ಮೂವತ್ತು ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು. ಮುಂದಿನ ವಾಕ್ಯ ಓದಬಹುದಿತ್ತು, ಅಲ್ಲೇ ಕೈಯಲ್ಲಿತ್ತು.

“ನಂದ್ರಿ” ಎಂದೆ. “ಕೆಲಸಕ್ಕ ಬರದಾಕಿನ್ನ ತಗದ್ರ ಛಲೋ ಅಂತ ನಾ ಬರದಿದ್ದೆ. ಕೇಳಿ ತಗಿ ಅಂತ ಒಂದು ಹುಡುಗಿ ಬರದಿದ್ಲು. ನಾನ ಅದನ್ನ ಹೊಡದು ಹಾಕಿದೆ.”

ಸೌಮ್ಯಾ ತಲೆ ಎತ್ತಿ ನೋಡಿದಳು, ಮತ್ತೆ ಬಡಿಯಲು ಶುರು ಮಾಡಿದಳು. ಶರಣವ್ವ ಗೋಡೆಯ ಕಡೆ ಕೈ ಮಾಡಿ, “ಹಂಗಾದ್ರ ತಮ್ಮಂದೇನೂ ತಪ್ಪಿಲ್ಲ, ಪಾಪ. ಕಲಿಸಿದಂಗ ಮಾಡೇತಿ. ಅದಕ್ಕ ಈ ಗ್ವಾಡಿ ನೋಡೂದು ಕಲಸ್ರಿ” ಎಂದಳು.

ಪತ್ರವನ್ನು ಮಡಚಿ ವಾಪಸು ತಂದೆ.

೨೫ ಜುಲೈ, ಶುಕ್ರವಾರ

ರಾಜಶೇಖರನಿಗೆ ಹೇಳಿದೆ. ತಸ್ಲೀಮಾಳನ್ನು ಎಲ್ಲರ ಎದುರಿಗೆ ಬೈದಿದ್ದ, ಅದಕ್ಕೆ ನಾನೂ ಎಲ್ಲರ ಎದುರಿಗೇ ಹೇಳಿದೆ. ಹದಿನೇಳು ಹೆಸರಿನ ಹಾಳೆ, ನನ್ನ ಪುಟ, ಕೆಂಪು ಗೆರೆ ಎಳೆದ ಅವಳ ಹಳೆಯ ಹಾಳೆ, ಮೂರನ್ನೂ ಮೇಜಿನ ಮೇಲೆ ಇಟ್ಟೆ. ಹೊಸ ಪತ್ರವನ್ನೂ ಇಟ್ಟೆ. ಅದರಲ್ಲಿ ತಾಂತ್ರಿಕ ಎಂಬ ಮಾತಿಲ್ಲ.

ಅವನು ಮೂರನ್ನೂ ಎರಡೆರಡು ಸಲ ಓದಿದ. ಮೊದಲ ಬಾರಿಗೆ ‘ಲಗೂ’ ಎನ್ನಲಿಲ್ಲ. “ನಾ ಒಂಚೂರು ವಿಚಾರ ಮಾಡ್ತೇನ್ರಿ ಮೇಡಂ” ಎಂದ.

“ಮಾಡ್ರಿ. ಕರದ್ರ ಬರ್ತೇನಿ” ಎಂದು ಬ್ಯಾಗು ತೆಗೆದುಕೊಂಡೆ. ತಸ್ಲೀಮಾ ಎದ್ದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಬೆನ್ನು ಬಗ್ಗಿಸದೆ ಮೆಟ್ಟಿಲು ಇಳಿದೆ. ಪಂಪಿನಂಗಡಿಯವನಿಗೆ ನಮಸ್ಕಾರ ಕೂಡ ಹೇಳಿದೆ.

ಚಿಗರಿ ಸಿಟಿ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಸ್ವಲ್ಪ ಅತ್ತೆ. ಹೊಸೂರಿನಿಂದ ಉಣಕಲ್ಲಿನವರೆಗೆ, ಅಷ್ಟೇ.

೨೭ ಜುಲೈ, ಭಾನುವಾರ. ರೊಟ್ಟಿ ಹಬ್ಬ

ಓಣಿಯೆಲ್ಲ ಮನೆ ಮನೆಗೆ ರೊಟ್ಟಿ ಬೀರುವ ಸಂಭ್ರಮ. ನಮ್ಮ ಮನೆಗೆ ಆರು ಮನೆಯಿಂದ ಬಂತು, ಎಳ್ಳು ಹಚ್ಚಿದ್ದು, ಸಜ್ಜೆಯದು, ಖಡಕ್ಕು, ಜೊತೆಗೆ ಮಡಕಿ ಕಾಳು ಪಲ್ಯ, ಕೆಂಪು ಚಟ್ನಿ. ನಾವು ಬೀರಿದ್ದು ಕೇಂದ್ರದ ರೊಟ್ಟಿ. ಎದುರು ಮನೆಯವರು “ಛಂದ ಬಡದೀರಿ ಅಕ್ಕೋರ” ಎಂದರು. ಪ್ರತಿ ವರ್ಷ ಸುಮ್ಮನೆ ನಗುತ್ತಿದ್ದೆ. ಇವತ್ತು “ಕೇಂದ್ರದ್ದರಿ, ನನಗ ಬರಂಗಿಲ್ಲ” ಎಂದುಬಿಟ್ಟೆ. ಯಾಕೆ ಬಾಯಿಗೆ ಬಂತೋ. ಸ್ನೇಹಲ್ ಪಲ್ಯದ ಚಮಚ ಹಿಡಿದುಕೊಂಡು ಹಾಗೇ ನಿಂತಳು.

ಸಂಜೆ ನಾಲ್ಕಕ್ಕೆ ತಸ್ಲೀಮಾ ಸ್ಕೂಟಿಯ ಮೇಲೆ ಬಂದಳು. ಏನು ಹೇಳಬೇಕೆಂದು ತಿಳಿಯದೆ ಮೊದಲು ತಟ್ಟೆ ಹಾಕಿದೆ. ಎರಡು ರೊಟ್ಟಿ ತಿಂದಾದ ಮೇಲೆ ತಪ್ಪಾಯಿತು ಎಂದೆ. ಹಾಗೆ ಒಬ್ಬರಿಗೆ ಕೊನೆಯ ಸಲ ಹೇಳಿದ್ದು ಯಾವಾಗಲೋ ನೆನಪಿಲ್ಲ.

“ನನಗ ಸೋಮವಾರನ ಗೊತ್ತಾಗಿತ್ರಿ ಅಕ್ಕೋರ” ಎಂದಳು. “ತಮ್ಮ ಬರದಿಟ್ಟ ಕಾರಣ ನಾನೂ ಓದಿದೆನಲ್ರಿ.”

“ಮತ್ತ ಯಾಕ ಹೇಳಲಿಲ್ಲ? ಅಷ್ಟು ಬೈಸ್ಕೊಂಡು ಸುಮ್ನ ಕೂತಿ!”

“ಬೈಸ್ಕೊಳ್ಳೂದು ಹೊಸಾದೇನ್ರಿ ನನಗ? ನಿಮ್ಮ ಹೆಸರು ನನ್ನ ಬಾಯಿಂದ ಹೊಂಡ್ಲಿಲ್ರಿ. ನೀವ ಹೇಳ್ತೀರಿ ಅಂತ ಕಾದೆ.” ಆಮೇಲೆ ತಟ್ಟೆ ನೋಡುತ್ತ, “ಶುಕ್ರವಾರ ತನಕ ಸಿಟ್ಟು ಬಂದಿತ್ರಿ, ಖರೇ ಹೇಳ್ತೇನಿ. ಮತ್ತ, ಅವತ್ತು ಆ ಮಾತು ಇರಲಿ ಅಂತ ನಾನೂ ಜಗ್ಗಿ ಹೇಳಬೇಕಿತ್ತು” ಎಂದಳು.

ನಾಲ್ಕು ದಿನ ಅವಳು ಕಾದಿದ್ದಾಳೆ! ನನಗೆ ನಾಚಿಕೆಯಾಯಿತು. ಮುಚ್ಚಿಡದೆ ಬರೆಯುತ್ತಿದ್ದೇನೆ.

ಆಮೇಲೆ ಫೋನು ತೆಗೆದು ತೋರಿಸಿದಳು. ಶುಕ್ರವಾರ ನಾನು ಗೋಡೆಯ ಮಣೆಗಳ ಸಂಗತಿಯನ್ನೂ ಹೇಳಿದ್ದೆನಲ್ಲ, ಅದನ್ನು ಹಿಡಿದು ಎರಡು ದಿನ ಕೂತು ಬಳಗಕ್ಕೆ ಹೊಸದೊಂದು ಸೇರಿಸಿದ್ದಾಳೆ. ಸೇರಿಸುವುದು, ತೆಗೆಯುವುದು, ಎರಡರ ನಡುವೆ ಮೂರನೆಯದು: ‘ಬಿಡುವು’. ಬಿಡುವಿನಲ್ಲಿದ್ದವರ ಹೆಸರು ಗುಂಪಿನಲ್ಲೇ ಇರುತ್ತದೆ, ಜಾಗ ಮತ್ತೊಬ್ಬರಿಗೆ ಹೋಗುವುದಿಲ್ಲ. ಬರುತ್ತೇನೆ ಎಂದ ದಿನ ಎದ್ದು ಬಂದರೆ ಆಯಿತು. ಸರಿ ನಡೆಯುತ್ತದೋ ಇಲ್ಲವೋ ನೋಡಲು ನಮ್ಮ ಆಫೀಸಿನ ಗುಂಪಿನ ಮೇಲೆಯೇ ಮೊದಲು ಹಚ್ಚಿದ್ದಳು. ಏಳು ಹೆಸರು ಸಾಲಾಗಿದ್ದವು. ಕೆಳಗೆ ಎಂಟನೆಯದು:

‘ಸುಜಾತಾ ಗೋವಿಂದಪ್ಪ. ಬಿಡುವಿನಲ್ಲಿದ್ದಾರೆ.’

“ನಿಮ್ಮ ಮಣಿ ಗ್ವಾಡಿಗೇ ಐತ್ರಿ” ಎಂದಳು. “ಬಳಗ ನನ್ನ ಕೈಯಾಗನ ಇರ್ಲಿ, ಪಂಚಮಿ ಮುಗದ ಮ್ಯಾಲೆ ಬುಧವಾರ ನೀವೂ ಬರ್ರಿ ಅಂತ ಸಾಹೇಬರು ಹೇಳ್ಯಾರ. ಬಿಡುವಿನ ಪುಟ ಬರಿಯೋರು ಯಾರೂ ಇಲ್ಲ.”

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

೬ ಆಗಸ್ಟ್, ಬುಧವಾರ

ಒಂದೂವರೆ ಪುಟ ಬರೆಯಲು ಒಂದು ವಾರ ಹಿಡಿಯಿತು. ಆ ಮೂವತ್ತೆಂಟು ಪುಟಕ್ಕೂ ಇಷ್ಟು ಬೆವರಿರಲಿಲ್ಲ. ಇವತ್ತೊಂದೇ ದಿನ ಹನ್ನೊಂದು ಸಲ ಕುರ್ಚಿಯಿಂದ ಎಬ್ಬಿಸಿ ಕೇಳಿದಿರಿ ಎಂದು ತಸ್ಲೀಮಾ ಲೆಕ್ಕ ಇಟ್ಟಿದ್ದಾಳೆ. ತಿಳಿಯದಿದ್ದರೆ ಕೇಳದೆ ಇನ್ನೇನು ಮಾಡಬೇಕು? ಕೇಂದ್ರಕ್ಕೂ ಮೂರು ಸಲ ಹೋಗಿ ಬಂದೆ. ಮಣೆಯನ್ನು ಯಾರು ತಿರುಗಿಸಿ ಹಾಕುತ್ತಾರೆ, ಯಾರು ಇಳಿಸುತ್ತಾರೆ, ಆಕೆಗೆ ಫೋನಿಲ್ಲದಿದ್ದರೆ ಹೇಳಿ ಕಳಿಸುವುದು ಯಾರ ಹತ್ತಿರ, ಎಲ್ಲ ಕೇಳಿ ಬರೆದುಕೊಂಡೆ. ಸೌಮ್ಯಾ ಮೊದಲೆರಡು ಸಲ ಮಾತಾಡಲಿಲ್ಲ. ಮೂರನೆಯ ಸಲ ಕೂಸನ್ನು ನನ್ನ ಕೈಗೆ ಕೊಟ್ಟು, ಒಲೆಗೆ ಪುಳ್ಳಿ ತರಲು ಹೋದಳು. ಗುಂಡಗಿದೆ, ಒಳ್ಳೇ ಭಾರ.

‘ತೆಗೆ’ ಪುಟವನ್ನೂ ಹೊಸದಾಗಿ ಬರೆದೆ. ‘ಕೇಳದೆ ತೆಗೆಯಬೇಡ’ ಎಂಬ ಮಾತು ಈಗ ಅಲ್ಲಿ ಮೂರು ಸಲ ಇದೆ. ಮೇಲೆ, ನಡುವೆ, ಕೆಳಗೆ. ಒಂದಕ್ಷರ ತಿದ್ದಿಲ್ಲ, ತಸ್ಲೀಮಾ ಬರೆದ ಹಾಗೇ ಇದೆ. ಎಷ್ಟು ನೇರವಾದ ವಾಕ್ಯ!

ಪುಟದ ಕೊನೆಗೆ ಒಂದು ಟಿಪ್ಪಣಿ ಸೇರಿಸಿದ್ದೇನೆ: ‘ಈ ಪುಟದ ಹಿಂದಿನ ಪ್ರತಿಯಲ್ಲಿ ಕೇಳುವ ಮಾತನ್ನು ಬಿಡಲಾಗಿತ್ತು. ಅದರಿಂದ ಹದಿನೇಳು ಜನರ ಹೆಸರು ಹೋಗಿತ್ತು. ಬಿಟ್ಟವರು: ಸುಜಾತಾ ಗೋವಿಂದಪ್ಪ. ಇದನ್ನು ಓದುವವರು ಮತ್ತೆ ಬಿಡಬೇಡಿ.’

ರಾಜ್ಯದ ಬೇರೆ ಊರಿನ ಗಿರಾಕಿಗಳೂ ಓದುತ್ತಾರೆ, ಹೆಸರು ಬೇಡ ಎಂದ ರಾಜಶೇಖರ. ಇರಲಿ ಎಂದೆ. “ಮಂದಿ ಏನಂತಾರ್ರಿ ಮೇಡಂ?” ಎಂದ. ಏನಂದರೂ ಪುಟ ಓದಿದ ಮೇಲೆ ಅನ್ನುತ್ತಾರಲ್ಲ, ಸಾಕು ಎಂದೆ. ಒಪ್ಪಿದ. ಪುಟ ನಿಜಕ್ಕೂ ಚೆನ್ನಾಗಿದೆ. ಇದನ್ನು ನಾನೇ ಹೇಳಬೇಕು, ಬೇರೆ ಯಾರು ಹೇಳುತ್ತಾರೆ?

೧೪ ಆಗಸ್ಟ್, ಗುರುವಾರ

ಹತ್ತು ಗಂಟೆಗೆ ನಾನೂ ತಸ್ಲೀಮಾಳೂ ಕೇಂದ್ರಕ್ಕೆ ಹೋದೆವು. ಹೊಸ ಪುಟ ಓದಿದ ಏಜೆಂಟ್ ಇವತ್ತು ಮೊದಲ ಸಲ ಅಲ್ಲಿ ಕೆಲಸ ಮಾಡಬೇಕಿತ್ತು. ತಪ್ಪಿದರೆ ಬಳಗವನ್ನು ಕಿತ್ತುಹಾಕುತ್ತೇನೆ ಎಂದು ಶರಣವ್ವ ಮೊದಲೇ ಹೇಳಿದ್ದಳು. ದಾರಿಯುದ್ದಕ್ಕೂ ಆ ಪುಟವನ್ನೇ ಮನಸ್ಸಿನಲ್ಲಿ ಬಾಯಿಪಾಠ ಹೇಳಿಕೊಂಡೆ. ಪರೀಕ್ಷೆಗೆ ಕೂತ ಹುಡುಗರಿಗೆ ಹೀಗಾಗುತ್ತಿತ್ತೇನೋ, ಪಾಪ, ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಶರಣವ್ವ ಬೇಕೆಂದೇ ಅದೇ ಮಾತು ಹೇಳಿದಳು: “ತಮ್ಮಾ, ಗಣಪತಿ ಹಬ್ಬ ಬಂತು, ಗುಂಪೆಲ್ಲಾ ಸರಿ ಮಾಡಿಡು.”

ಒಂದು ಗಳಿಗೆ ಫೋನು ಸುಮ್ಮನಿತ್ತು. ತಸ್ಲೀಮಾ ನನ್ನ ಸೆರಗು ಹಿಡಿದುಕೊಂಡಿದ್ದಳು. ಆಮೇಲೆ ದನಿ ಬಂತು.

“ಶರಣವ್ವನವರೇ, ಒಬ್ಬೊಬ್ಬರ ಬಗ್ಗೆಯೂ ಕೇಳುತ್ತೇನೆ. ಮೊದಲನೆಯವರು ರಸೂಲಬಿ. ಅವರು ನೂರಾ ಇಪ್ಪತ್ತು ದಿನಗಳಿಂದ ಕೆಲಸಕ್ಕೆ ಬಂದಿಲ್ಲ. ಅವರನ್ನು ಬಿಡುವಿನಲ್ಲಿ ಇಡಲೇ? ಅವರು ಇನ್ನು ಬರುವುದಿಲ್ಲ ಎಂದು ನಿಮಗೆ ಹೇಳಿದ್ದಾರೆಯೇ? ನೀವು ಹೇಳದೆ ನಾನು ಯಾರನ್ನೂ ತೆಗೆಯುವುದಿಲ್ಲ.”

ನಿಂತಿತು! ನಾನು ಬರೆದದ್ದನ್ನು ಓದಿ ನಿಂತಿತು, ಕೇಳಿತು. ರೊಟ್ಟಿಯ ಸಪ್ಪಳವೂ ನಿಂತಿತ್ತು. ಶರಣವ್ವ ಕತ್ತು ತಿರುಗಿಸಿ ಗೋಡೆ ನೋಡಿದಳು. ರಸೂಲಬಿಯ ಮಣೆ ಮೂರನೆಯ ಮೊಳೆಗಿತ್ತು.

“ಅಕಿಗೆ ಮೊಣಕಾಲ ಆಪರೇಷನ್ ಆಗೇತಿ ತಮ್ಮಾ. ಮಣಿ ಇಲ್ಲೇ ಐತಿ. ಬಿಡುವಿನ್ಯಾಗ ಇಡು.” ಆಮೇಲೆ ನನ್ನ ಕಡೆ ನೋಡಿ, “ಛಲೋ ಕಲಿಸೀರಿ ಅಕ್ಕೋರ” ಎಂದಳು.

ಇಪ್ಪತ್ನಾಲ್ಕು ವರ್ಷದಲ್ಲಿ ಶಿಕ್ಷಕರ ದಿನಕ್ಕೆ ಎಷ್ಟು ಹಾರ, ಎಷ್ಟು ಶಾಲು! ಆ ಒಂದು ಮಾತಿಗೆ ಅವೆಲ್ಲ ಸೇರಿದರೂ ಸಮವಿಲ್ಲ. ನಾನು ತಸ್ಲೀಮಾಳನ್ನು ಮುಂದೆ ನೂಕಿ, “ಆ ವಾಕ್ಯ ಇಕೀದು” ಎಂದೆ. ಸೌಮ್ಯಾ ನಕ್ಕಳು. ಅವಳು ನಕ್ಕದ್ದನ್ನು ಇವತ್ತೇ ನೋಡಿದೆ.

ಹೊರಡುವ ಮುಂಚೆ ಶರಣವ್ವನ ಹತ್ತಿರ ಹೋಗಿ, “ನನಗ ರೊಟ್ಟಿ ಬಡಿಯೂದು ಕಲಸ್ತೀರೇನ್ರಿ?” ಎಂದು ಕೇಳಿದೆ. ಅವಳೇನೂ ಆಶ್ಚರ್ಯಪಡಲಿಲ್ಲ. ಗೋಡೆಯ ಮಣೆ ಯಾವುದನ್ನೂ ಮುಟ್ಟದೆ ಒಳಗಿನಿಂದ ಬೇರೆಯೊಂದು ತಂದು ಮುಂದಿಟ್ಟಳು. “ಕುಂಡರ್ರಿ. ಹಿಟ್ಟು ಬಿಸಿನೀರಾಗ ನಾದಬೇಕು, ಅಂಜಬ್ಯಾಡ್ರಿ” ಎಂದಳು. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮೂರನೆಯದು ಒಂದು ಮೂಲೆಯಲ್ಲಿ ಮಾತ್ರ ಹರಿದು, ಹಂಚಿನ ಮೇಲೆ ಹೋಗಿ ಉಬ್ಬಿತು.

ಆ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದೇನೆ. ಅಪ್ಪ ಇದ್ದಿದ್ದರೆ ಆ ಪುಟವನ್ನು, ಕೊನೆಯ ಟಿಪ್ಪಣಿ ಸಮೇತ, ಅವನ ಕೈಗೆ ಕೊಡುತ್ತಿದ್ದೆ. ತಪ್ಪಿನ ಪಕ್ಕದಲ್ಲಿ ನನ್ನ ಹೆಸರಿದೆ, ನಿನ್ನ ಹೆಸರೂ ಇದೆ, ಓದು ಎನ್ನುತ್ತಿದ್ದೆ. ರೊಟ್ಟಿಯನ್ನೂ ಕೊಡುತ್ತಿದ್ದೆ, ಹರಿದ ಮೂಲೆ ಅವನ ಕಡೆಗೆ ಮಾಡಿ.